ಗುಮ್ಮಟದ ದನಿ

ಡಾಕ್ಟರು ಹಾಳೆಯ ಮೇಲೆ ಒಂದು ಗಂಟಲು ಬರೆದು, ಅದರ ನಡುವೆ ಪೆನ್ನಿನಿಂದ ಗೀಟು ಎಳೆದರು.

"ಗಡ್ಡೆ ಹಬ್ಬಿದೆ. ಇಲ್ಲಿಂದ ಇಲ್ಲೀವರೆಗೂ ತೆಗೀಬೇಕಾಗುತ್ತೆ," ಅಂದರು. "ಉಸಿರಾಡೋಕೆ ಕತ್ತಿನ ಮುಂಭಾಗದಲ್ಲಿ ಒಂದು ದಾರಿ ಮಾಡ್ತೀವಿ. ಗಾಯ ಮಾಯೋವರೆಗೂ ಮೂಗಿನ ನಳಿಕೆಯಲ್ಲಿ ಆಹಾರ. ಆಮೇಲೆ ಊಟ ಬಾಯಲ್ಲೇ, ಮೊದಲಿನ ಹಾಗೇ."

ಅವಳು ಚಿತ್ರವನ್ನೇ ನೋಡುತ್ತಿದ್ದಳು. ಡಾಕ್ಟರ ಕೈ ಚಿತ್ರಕ್ಕೆ ಹೇಳಿ ಮಾಡಿಸಿದ್ದಲ್ಲ. ಅದು ಗಂಟಲಿಗಿಂತ ಹೂದಾನಿಯ ಹಾಗೆ ಕಾಣುತ್ತಿತ್ತು.

"ಮಾತು?" ಎಂದಳು. ಆ ಒಂದು ಪದವೂ ಒಡೆದು, ಅರ್ಧ ಗಾಳಿಯಾಗಿ ಹೊರಬಂತು.

"ಒಂದು ಯಂತ್ರ ಬರುತ್ತೆ. ಕತ್ತಿಗೆ ಒತ್ತಿ ಹಿಡಿದು ಮಾತಾಡಬಹುದು. ದನಿ ಸ್ವಲ್ಪ ಯಂತ್ರದ ಹಾಗೇ ಇರುತ್ತೆ, ಅಷ್ಟೆ." ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. "ಏನು ಕೆಲಸ ಮಾಡ್ತೀನಿ ಅಂದ್ರಿ?"

"ಮಾತಾಡೋ ಕೆಲಸ," ಅಂದಳು.

ಡಾಕ್ಟರು ಹಾಳೆಯನ್ನು ಮಡಿಚಿಟ್ಟರು. ಆಮೇಲೆ, ಮನೆಯವರಲ್ಲಿ ಯಾರನ್ನಾದರೂ ಕರೆದುಕೊಂಡು ಬನ್ನಿ, ಒಪ್ಪಿಗೆಗೆ ಒಬ್ಬರ ಸಹಿ ಬೇಕು, ಆಪರೇಷನ್ ಆದಮೇಲೆ ಪಕ್ಕದಲ್ಲಿ ಇರೋದಕ್ಕೂ ಒಬ್ಬರು ಬೇಕು ಎಂದರು. ಅವಳು ತಲೆಯಾಡಿಸಿದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಒಡಹುಟ್ಟಿದವನೆಂದು ತಮ್ಮನೊಬ್ಬನಿದ್ದ. ಅವನು ಅವಳೊಡನೆ ಮಾತು ಬಿಟ್ಟಿದ್ದ.

ಊರಿನ ತಾರಾಲಯದಲ್ಲಿ ಅವಳದು ವಿವರಣೆ ಹೇಳುವ ಕೆಲಸ. ದೊಡ್ಡ ಊರುಗಳ ತಾರಾಲಯಗಳಲ್ಲಿ ಮೊದಲೇ ಮುದ್ರಿಸಿಟ್ಟ ದನಿ ತನ್ನಷ್ಟಕ್ಕೆ ಓಡುತ್ತದೆ. ಇಲ್ಲಿಯ ಯಂತ್ರ ಹಳೆಯದು. ಕತ್ತಲಲ್ಲಿ ಒಬ್ಬರು ಕೂತು ಮಾತಾಡಬೇಕು, ಇನ್ನೊಬ್ಬರು ಆ ಮಾತಿಗೆ ತಕ್ಕಂತೆ ನಕ್ಷತ್ರಗಳನ್ನು ತಿರುಗಿಸಬೇಕು. ಯಂತ್ರ ತಿರುಗಿಸುವವನನ್ನು ಎಲ್ಲರೂ ಗೂಬೆ ಎಂದು ಕರೆಯುತ್ತಿದ್ದರು. ಹಗಲೆಲ್ಲ ಕತ್ತಲಲ್ಲಿ ಇರುತ್ತಾನೆಂದು ಯಾರೋ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡು, ಈಗ ಅವನ ಹೆಂಡತಿಯೂ ಫೋನು ಮಾಡಿದರೆ "ಗೂಬೆ ಇದಾರಾ?" ಎಂದೇ ಕೇಳುತ್ತಿದ್ದಳು.

ವಿಶ್ವ ಹೇಗೆ ಶುರುವಾಯಿತು, ಹೇಗೆ ಮುಗಿಯುತ್ತದೆ ಎಂಬುದನ್ನು ಅವಳು ದಿನಕ್ಕೆ ಎರಡು ಸಲ ಹೇಳುತ್ತಿದ್ದಳು. ಊರಲ್ಲಿ ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ. ಆದರೆ ತರಕಾರಿ ಅಂಗಡಿಯಲ್ಲಿ ಅವಳು ಬಾಯಿ ತೆರೆದರೆ ಸಾಕು, ಪಕ್ಕದಲ್ಲಿ ನಿಂತವರು ತಿರುಗಿ, "ನೀವು ನಕ್ಷತ್ರದ ಮೇಡಂ ಅಲ್ವಾ?" ಎನ್ನುತ್ತಿದ್ದರು. ಆಳವಾದ, ಅವಸರವಿಲ್ಲದ ದನಿ ಅದು. ಗದರಿದರೂ ಕೇಳಬೇಕು ಅನ್ನಿಸುವಂಥದ್ದು ಎಂದು ಗೂಬೆ ಹೇಳುತ್ತಿದ್ದ. ಅವನಷ್ಟು ಗದರಿಸಿಕೊಂಡವರು ಬೇರೆ ಯಾರೂ ಇರಲಿಲ್ಲ.

ಆ ದನಿ ಅಪ್ಪನಿಂದ ಬಂದದ್ದು. ಅಪ್ಪ ಪ್ರಾರ್ಥನಾ ಮಂದಿರದಲ್ಲಿ ಪ್ರವಚನ ಹೇಳುತ್ತಿದ್ದವರು. ಸೃಷ್ಟಿಯ ಕಥೆ ಅವರ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಪಾಠ. ಚಿಕ್ಕಂದಿನಲ್ಲಿ ಅದು ಅವಳಿಗೇ ಮೊದಲು ಬಾಯಿಪಾಠವಾಗಿತ್ತು. ವೇದಿಕೆಯ ಮೇಲೆ ಅಪ್ಪನ ಪಕ್ಕದಲ್ಲಿ ಕೂತು ಅವಳು ಹೇಳುತ್ತಿದ್ದರೆ ಜನ ಕೆಮ್ಮುವುದನ್ನೂ ನಿಲ್ಲಿಸುತ್ತಿದ್ದರು. ಎದೆಯೆತ್ತರಕ್ಕೆ ಬೆಳೆದ ಮೇಲೆ ಒಂದು ದಿನ ಅಪ್ಪ, "ಇನ್ನು ನೀನು ಕೆಳಗೆ ಕೂತ್ಕೋ, ತಮ್ಮ ಹೇಳಲಿ," ಎಂದರು. ತಮ್ಮನಿಗೆ ಆಗ ಅರ್ಧ ಪಾಠವೂ ಬರುತ್ತಿರಲಿಲ್ಲ. ಅವಳು ಹೆಂಗಸರ ಸಾಲಿನಲ್ಲಿ ಕೂತು, ಅವನು ತಡವರಿಸಿದಾಗಲೆಲ್ಲ ಮುಂದಿನ ಪದವನ್ನು ತುಟಿಯಲ್ಲೇ ಹೇಳಿಕೊಟ್ಟಳು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ತಾರಾಲಯ ಸೇರಿದ ಮೇಲೆ ಮಂದಿರದ ಕಡೆ ತಲೆ ಹಾಕಲಿಲ್ಲ.

ಅಪ್ಪನ ನಂತರ ತಮ್ಮ ಆ ಜಾಗದಲ್ಲಿ ಕೂತ. ಅವನಿಗೂ ಹೆಸರು ಬಂತು. ಎಂಟು ವರ್ಷದ ಕೆಳಗೆ ತಾರಾಲಯದವರೇ ಒಂದು ಸಭೆ ಇಟ್ಟು, ವಿಜ್ಞಾನ ಮತ್ತು ಅಧ್ಯಾತ್ಮ ಎಂದು ಬ್ಯಾನರು ಕಟ್ಟಿ, ಅಕ್ಕತಮ್ಮಂದಿರನ್ನು ಒಂದೇ ವೇದಿಕೆಗೆ ಹತ್ತಿಸಿದರು. ತಮ್ಮ ಚೆನ್ನಾಗಿಯೇ ಮಾತಾಡಿದ. ವಿಜ್ಞಾನಿಗಳು ಈಗ ಕಂಡುಹಿಡಿದ ಮಹಾಸ್ಫೋಟ ನಮ್ಮ ಅಪ್ಪನ ಪಾಠದಲ್ಲಿ ಎಂದೋ ಇತ್ತು, ನಮ್ಮಕ್ಕನ ಯಂತ್ರ ಅಪ್ಪನ ಮಾತಿಗೆ ಸಾಕ್ಷಿ ಹೇಳುತ್ತಿದೆ ಎಂದ. ಚಪ್ಪಾಳೆ ಬಿತ್ತು. ಅವಳು ಮೈಕು ಎಳೆದುಕೊಂಡಳು.

"ಆ ಸ್ಫೋಟಕ್ಕೂ ನಿನ್ನ ದೇವರಿಗೂ ನೆಂಟಸ್ತಿಕೆ ಮಾಡಿಸಬೇಡ ತಮ್ಮ. ನಮ್ಮದು ಲೆಕ್ಕ. ನಾಳೆ ತಪ್ಪು ಅಂತ ಗೊತ್ತಾದ್ರೆ ತಿದ್ಕೋತೀವಿ. ಆವಾಗ ನಿನ್ನ ದೇವರನ್ನ ಯಾರ ಮನೆಗೆ ಕಳಿಸ್ತೀಯ?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಮ್ಮನೂ ನಕ್ಕಂತೆ ಮಾಡಿದ. ಅವತ್ತಿನಿಂದ ಅವನು ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಅವನಿಗೆ ಫೋನು ಮಾಡಿದ್ದು ಗೂಬೆ. ಅವಳನ್ನು ಕೇಳದೆಯೇ ಮಾಡಿದ್ದ. "ಬೈಯಿರಿ ಮೇಡಂ, ಬೈಯೋಕಾದ್ರೂ ಸ್ವಲ್ಪ ದನಿ ಉಳಿದಿದೆಯಲ್ಲ," ಎಂದು ತಲೆ ತಗ್ಗಿಸಿ ನಿಂತ. ಅವಳಿಗೆ ಬೈಯಲು ಮನಸ್ಸಾಗಲಿಲ್ಲ.

ತಮ್ಮ ಶನಿವಾರ ಮಧ್ಯಾಹ್ನ ಬಂದ. ಕೈಯಲ್ಲಿ ಸಣ್ಣ ಸೂಟ್‌ಕೇಸು, ಮೈಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಬಾಗಿಲಲ್ಲಿ ನಿಂತು ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ದಪ್ಪ ಆಗಿದೀಯ," ಅಂದಳು ಅವಳು.

ಅವನ ಮುಖ ಬಿಳಿಚಿಕೊಂಡಿತು. ಗೂಬೆ ಫೋನಿನಲ್ಲಿ ಎಲ್ಲ ಹೇಳಿದ್ದ. ಆದರೆ ಹೇಳಿದ್ದೇ ಬೇರೆ, ಆ ದನಿಯನ್ನು ಕೇಳುವುದೇ ಬೇರೆ. ಬಾವಿಯ ತಳದಲ್ಲಿ ಕೊಡ ಕಲ್ಲಿಗೆ ಉಜ್ಜಿದ ಹಾಗಿತ್ತು.

"ಮಾತಾಡಬೇಡ ಅಕ್ಕ. ಆಯಾಸ ಮಾಡ್ಕೋಬೇಡ," ಎಂದು ಚಪ್ಪಲಿ ಬಿಟ್ಟು ಒಳಗೆ ಬಂದ.

ಅಡುಗೆಮನೆಯಲ್ಲಿ ಅವನೇ ಚಹಾ ಮಾಡಿದ. ಡಬ್ಬಗಳನ್ನೆಲ್ಲ ತೆಗೆದು ಮೂಸಿ ನೋಡಿ ಸಕ್ಕರೆ ಹುಡುಕಿದ. ಕುಡಿಯುತ್ತಾ ಇಬ್ಬರೂ ಅಪ್ಪನ ಬಗ್ಗೆ ಮಾತಾಡಲಿಲ್ಲ, ಆ ಸಭೆಯ ಬಗ್ಗೆಯೂ ಮಾತಾಡಲಿಲ್ಲ. ಅವನ ಹೆಂಡತಿಯ ಮಂಡಿನೋವು, ಅವಳ ಮನೆಯ ನಲ್ಲಿ ಸೋರುವುದು, ಅಂಥವೇ ಮಾತು. ಕೊನೆಗೆ ಅವನು ಲೋಟ ಕೆಳಗಿಟ್ಟು, "ನಾಳೆ ಭಾನುವಾರ. ಮನೇಲೇ ಇರೋಣ. ಸೋಮವಾರ ಅಡ್ಮಿಟ್ ಆಗೋದಲ್ವಾ?" ಎಂದ.

"ನಾಳೆ ಪ್ರದರ್ಶನ ಇದೆ."

"ಯಾರು ಹೇಳೋದು?"

ಅವಳು ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಹುಚ್ಚು ಹಿಡಿದಿದೆಯಾ ನಿನಗೆ?"

ಹಿಡಿದಿರಬಹುದು ಎನ್ನುವಂತೆ ಅವಳು ಭುಜ ಹಾರಿಸಿದಳು. ಮುಂದಿನ ವಾರದಿಂದ ತಾರಾಲಯದಲ್ಲಿ ಹೊಸ ಯಂತ್ರ, ಎಲ್ಲಿಂದಲೋ ಕೊಂಡುತಂದ ಮುದ್ರಿತ ಪ್ರದರ್ಶನ. ವ್ಯವಸ್ಥಾಪಕರು ಬೇಜಾರು ಮಾಡಿಕೊಂಡೇ ಅದನ್ನು ತಿಳಿಸಿದ್ದರು. ನಾಳೆ ಕೊನೆಯದು. ಇಷ್ಟನ್ನು ಅವಳು ಒಂದೊಂದೇ ಪದ ಆರಿಸಿ ಹೇಳಿದಳು. ಅವನು ಎದ್ದು ಕಿಟಕಿಯ ಹತ್ತಿರ ಹೋಗಿ, ಬೆನ್ನು ಹಾಕಿ ನಿಂತ. "ಅಪ್ಪನಿಗೆ ಸರಿಯಾದ ಮಗಳು," ಎಂದ.

ಭಾನುವಾರ ಮಧ್ಯಾಹ್ನದ ಪ್ರದರ್ಶನಕ್ಕೆ ಗುಮ್ಮಟ ಮುಕ್ಕಾಲು ತುಂಬಿತ್ತು. ಬಿಸಿಲಿಗೆ ಹೆದರಿ ಒಳಗೆ ಬಂದವರು, ಮಕ್ಕಳನ್ನು ಸುಮ್ಮನಾಗಿಸಲು ಬಂದವರು, ಒರಗುಕುರ್ಚಿಯಲ್ಲಿ ಒಂದು ನಿದ್ದೆ ತೆಗೆಯಲು ಬಂದವರು. ಅವಳು ಹಿಂದಿನ ಮೂಲೆಯಲ್ಲಿ ತನ್ನ ಮೇಜಿನ ಮುಂದೆ ಕೂತಳು. ಒಂದು ಪಕ್ಕ ಗೂಬೆ, ಇನ್ನೊಂದು ಪಕ್ಕ ತಮ್ಮ. ಮೇಜಿನ ಮೇಲೆ ಸಣ್ಣ ಕೆಂಪು ದೀಪ, ಮೈಕು, ಮತ್ತು ಅವಳು ಯಾವತ್ತೂ ನೋಡದ, ಆದರೆ ನಿಯಮಕ್ಕೆಂದು ಇಟ್ಟುಕೊಂಡಿರುತ್ತಿದ್ದ ಬೆರಳಚ್ಚಿನ ಹಾಳೆಗಳು.

ಗೂಬೆ ಸೂರ್ಯನನ್ನು ಮುಳುಗಿಸಿದ. ಗುಮ್ಮಟದ ಅಂಚಿನ ಕೆಂಪು ಆರಿ, ಮೊದಲ ಚುಕ್ಕಿಗಳು ಮೂಡಿದವು. ಯಾರೋ ಪಡ್ಡೆಗಳು ನರಿಯಂತೆ ಊಳಿಟ್ಟರು. ಪ್ರತಿ ಸಲವೂ ಯಾರಾದರೂ ಊಳಿಡುತ್ತಾರೆ.

"ತಲೆ ಹಿಂದಕ್ಕೆ ಒರಗಿಸಿ," ಎಂದಳು ಅವಳು ಮೈಕಿಗೆ. "ನಿಮ್ಮ ಕಣ್ಣು ಕತ್ತಲಿಗೆ ಒಗ್ಗಿಕೊಳ್ಳಲಿ. ನೀವು ಈಗ ನೋಡುತ್ತಿರುವ ಬೆಳಕು..."

ಅಲ್ಲಿಗೆ ನಿಂತಿತು. ಅವಳು ಬಾಯಿ ತೆರೆದಳು, ಗಾಳಿ ಬಂತು. ನೀರು ಕುಡಿದು ಮತ್ತೆ ತೆರೆದಳು. ಗುಮ್ಮಟವೆಲ್ಲ ಒಂದು ಸಪ್ಪಳ ತುಂಬಿಕೊಂಡಿತು, ಕಾಗದ ಹರಿದಂತೆ. ಅದು ಮಾತಲ್ಲವೆಂದು ಜನಕ್ಕೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಮಗು, "ಅಮ್ಮಾ, ಕರೆಂಟ್ ಹೋಯ್ತಾ?" ಎಂದು ಕೇಳಿತು. ಗೂಬೆ ದೀಪ ಹಾಕಲು ಕೈ ಚಾಚಿದ. ಅವಳು ಅವನ ಮಣಿಕಟ್ಟು ಹಿಡಿದು ತಡೆದಳು. ಇನ್ನೊಂದು ಕೈಯಿಂದ ಹಾಳೆಗಳನ್ನೂ ಮೈಕನ್ನೂ ತಮ್ಮನ ಮುಂದಕ್ಕೆ ನೂಕಿದಳು.

ಅವನು ಬೇಡವೆಂದು ತಲೆಯಾಡಿಸಿದ. ಅವಳು ಇನ್ನೊಮ್ಮೆ ನೂಕಿದಳು. ಕೆಂಪು ಬೆಳಕಲ್ಲಿ ಅವಳ ಕಣ್ಣು ನೋಡಿ ಅವನು ಜೇಬಿನಿಂದ ಕನ್ನಡಕ ತೆಗೆದ.

"ನೀವು ಈಗ ನೋಡುತ್ತಿರುವ ಬೆಳಕು ಹಳೆಯದು," ಎಂದು ಓದಿದ. "ಅದು ಹೊರಟಾಗ ಅದನ್ನು ನೋಡುವ ಕಣ್ಣೇ ಇನ್ನೂ ಹುಟ್ಟಿರಲಿಲ್ಲ."

ಅವನ ಕಸುಬೂ ಅದೇ. ಎರಡು ಸಾಲು ದಾಟುವಷ್ಟರಲ್ಲಿ ಸಭೆ ಅವನ ಕೈಗೆ ಬಂತು. ಗೂಬೆ ಮೊದಲು ತಡವರಿಸಿ, ಆಮೇಲೆ ಅವನ ಉಸಿರಿನ ಲಯ ಹಿಡಿದು ಆಕಾಶವನ್ನು ತಿರುಗಿಸತೊಡಗಿದ. ಮೊದಮೊದಲು ಎಲ್ಲವೂ ಎಲ್ಲದಕ್ಕೂ ಅಂಟಿಕೊಂಡಿತ್ತು ಎಂದು ಅವನು ಓದಿದ. ಇಲ್ಲಿ ಅಲ್ಲಿ ಎಂಬುದಿರಲಿಲ್ಲ. ಆದ್ದರಿಂದ ಅದು ಎಲ್ಲಿ ಹಿಗ್ಗಲು ಶುರುವಾಯಿತು ಎಂದು ಕೇಳುವ ಹಾಗಿಲ್ಲ, ಈಗ ನೀವು ಕೂತಿರುವ ಕುರ್ಚಿಯೂ ಅಲ್ಲೇ ಇದೆ. ಬಹಳ ಕಾಲ ಬೆಳಕಿಗೆ ಹೊರಗೆ ಬರಲು ದಾರಿಯಿರಲಿಲ್ಲ.

"ಆಗ ಅವನು ಇಚ್ಛೆಪಟ್ಟ..." ಎಂದ, ಹಾಳೆಯಿಂದ ಕಣ್ಣೆತ್ತಿ, ಮಂದಿರದಲ್ಲಿ ಹೇಳುವ ರಾಗದಲ್ಲೇ. ಅವಳು ಅವನ ತೊಡೆಯನ್ನು ಬಲವಾಗಿ ಚಿವುಟಿದಳು. ಅವನು ಕೆಮ್ಮಿ, "ಆಗ ಅದು ತಣ್ಣಗಾಯಿತು," ಎಂದು ತಿದ್ದಿ ಓದಿದ. ಗೂಬೆ ಬಾಯಿಗೆ ಕರವಸ್ತ್ರ ಒತ್ತಿಕೊಂಡ.

ನಕ್ಷತ್ರಗಳು ಹುಟ್ಟಿದವು, ಉರಿದವು, ಸಿಡಿದವು. ಭೂಮಿ ಬಂತು, ಹೋಯಿತು. ಕೊನೆಯ ಹಾಳೆಗೆ ಬರುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದವರೂ ಎದ್ದಿದ್ದರು.

"ದೂರದ ನಕ್ಷತ್ರಲೋಕಗಳು ಇನ್ನೂ ದೂರ ಹೋಗುತ್ತವೆ. ಅವುಗಳ ಬೆಳಕು ನಮ್ಮ ಕಡೆಗೆ ಬರುವುದನ್ನೇ ಬಿಡುತ್ತದೆ. ಹತ್ತಿರದವು ಒಂದೊಂದಾಗಿ ಆರುತ್ತವೆ." ಅವನ ದನಿ ನಿಧಾನವಾಯಿತು. ಗೂಬೆ ಚುಕ್ಕಿಗಳನ್ನು ಒಂದೊಂದಾಗಿ ಆರಿಸುತ್ತಿದ್ದ. "ಆಮೇಲೆ ಉಳಿಯುವುದು ತಣ್ಣನೆಯ ಕತ್ತಲು. ಅದು ಕತ್ತಲು ಎನ್ನಲೂ ಅಲ್ಲಿ ಯಾರೂ ಇರುವುದಿಲ್ಲ."

ಅವನು ಹಾಳೆ ಮಗುಚಿದ. ಹಿಂದೆ ಖಾಲಿಯಿತ್ತು. ಅಪ್ಪನ ಪಾಠದಲ್ಲಿ ಎಲ್ಲವೂ ಮುಗಿದ ಮೇಲೆ ಸೃಷ್ಟಿ ಮಾಡಿದವನ ಅಂಗೈಗೆ ಹಿಂತಿರುಗಿ, ಅಲ್ಲಿ ವಿಶ್ರಮಿಸಿ, ಮತ್ತೆ ಹೊರಡುತ್ತದೆ. ಮೂವತ್ತು ವರ್ಷದಿಂದ ಅವನು ಅದನ್ನು ಹೇಳಿ ಸಾವಿನ ಮನೆಗಳಲ್ಲಿ ಅಳು ನಿಲ್ಲಿಸಿದ್ದ. ಅವನು ಅಕ್ಕನ ಕಡೆ ಬಗ್ಗಿ ಪಿಸುಗುಟ್ಟಿದ.

"ಇಷ್ಟೇನಾ ಅಕ್ಕ?"

ಮೈಕು ಅದನ್ನು ಗುಮ್ಮಟಕ್ಕೆಲ್ಲ ಕೇಳಿಸಿತು. ಕೆಲವರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಪೂರ್ತಿ ಕತ್ತಲಲ್ಲಿ ಎಲ್ಲರೂ ಉತ್ತರಕ್ಕೆ ಕಾಯುತ್ತಾ ಕೂತರು. ಉತ್ತರ ಹೇಳಬೇಕಾದವಳಿಗೆ ದನಿಯಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಗೂಬೆ ದೀಪ ಹಾಕಿದ.

ಹೊರಗೆ ಮೆಟ್ಟಿಲ ಮೇಲೆ ಮೂವರೂ ಚಹಾದ ಲೋಟ ಹಿಡಿದು ಕೂತಿದ್ದಾಗ, ಪ್ರದರ್ಶನ ನೋಡಿ ಬಂದ ಹೆಂಗಸೊಬ್ಬಳು ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ತಮ್ಮನ ಮುಂದೆ ನಿಂತಳು. ಅವನು ಇಲ್ಲಿಯ ನೌಕರನೆಂದುಕೊಂಡಿದ್ದಳು.

"ಅದಾದ್ಮೇಲೆ ಏನಾಗುತ್ತೆ ಸಾರ್?"

ಇಂಥ ಪ್ರಶ್ನೆಗೆ ಅವನ ಬಳಿ ಯಾವಾಗಲೂ ಉತ್ತರ ತಯಾರಿರುತ್ತಿತ್ತು. ಅವನು ಬಾಯಿ ತೆರೆದ. ಅಕ್ಕನ ಕಡೆ ನೋಡಿದ. ಅವಳು ಲೋಟದೊಳಗೆ ನೋಡುತ್ತಿದ್ದಳು.

"ಗೊತ್ತಿಲ್ಲಮ್ಮ," ಎಂದ. "ನಾನೂ ಇವತ್ತೇ ಓದಿದ್ದು."

ಆಕೆ ಹೋದಳು. ಗೂಬೆ ಕಣ್ಣೊರೆಸಿಕೊಂಡು, ಯಂತ್ರಕ್ಕೆ ಬಟ್ಟೆ ಹೊದಿಸಿ ಬರುತ್ತೇನೆಂದು ಎದ್ದುಹೋದ.

"ಇದನ್ನ ದಿನಾ ಎರಡು ಸಲ ಹೇಳಿ, ಮನೆಗೆ ಹೋಗಿ ನಿದ್ದೆ ಹೇಗೆ ಮಾಡ್ತಿದ್ದೆ ನೀನು?" ಎಂದು ತಮ್ಮ ಕೇಳಿದ.

ಸ್ವಲ್ಪ ದನಿ ಮರಳಿ ಬಂದಿತ್ತು. "ಚೆನ್ನಾಗೇ ಬರ್ತಿತ್ತು," ಅಂದಳು. ಆಮೇಲೆ, "ಈಗ ಬರಲ್ಲ. ಅದಕ್ಕೆ ನಕ್ಷತ್ರ ಕಾರಣ ಅಲ್ಲ."

"ನಾನೊಂದು ಪ್ರಾರ್ಥನೆ..."

"ಬೇಡ."

"ನಿನಗೋಸ್ಕರ ಅಲ್ಲ ಮಾರಾಯ್ತಿ, ನನಗೋಸ್ಕರ."

"ನಿನಗೋಸ್ಕರ ಆದ್ರೆ ನಿನ್ನ ಮನೇಲಿ ಮಾಡ್ಕೋ," ಅಂದಳು. ಅವನು ಲೋಟದ ತಳದ ಚಹಾ ಚೆಲ್ಲಿ ಎದ್ದ.

ಆಸ್ಪತ್ರೆಯಲ್ಲಿ ಅವಳಿಗೆ ಕೊಟ್ಟ ಕೋಣೆ ಮೂರನೇ ಮಹಡಿಯಲ್ಲಿತ್ತು. ಸೋಮವಾರ ಇಡೀ ದಿನ ರಕ್ತ, ಎಕ್ಸ್‌ರೇ ಎಂದು ಓಡಾಡಿಸಿದರು. ತಮ್ಮ ಹಿಂದಿನಿಂದ ಅವಳ ಚೀಲ ಹೊತ್ತುಕೊಂಡು ನಡೆದ. ಒಂದು ಕಡೆ ಅವನ ಭಕ್ತನೊಬ್ಬ ಗುರುತು ಹಿಡಿದು ಕಾಲಿಗೆ ಬೀಳಲು ಬಂದಾಗ, "ಆಮೇಲೆ, ಆಮೇಲೆ," ಎಂದು ಚೀಲವನ್ನು ಎದೆಗೆ ಅಡ್ಡ ಹಿಡಿದುಕೊಂಡು ಸರಿದುಬಿಟ್ಟ. ಅವಳಿಗೆ ನಗು ಬಂತು. ನಕ್ಕರೆ ನೋಯುತ್ತಿತ್ತು.

ಸಂಜೆ ಕಿಟಕಿಯಿಂದ ಹಳದಿ ಬಿಸಿಲು ಅವಳ ಕಾಲಿನ ಮೇಲೆ ಬಿದ್ದಿತ್ತು. ನರ್ಸು ಬಂದು, ಇನ್ನು ಬಾಯಿಗೆ ಏನೂ ಹಾಕಬೇಡಿ ಎಂದು ಹೇಳಿ ಹೋದಳು. ತಮ್ಮ ಸ್ಟೂಲು ಎಳೆದು ಹತ್ತಿರ ಕೂತ.

"ಅವತ್ತು ಸಭೇಲಿ ನೀನು ಹೇಳಿದ್ದು ಸರಿ," ಎಂದ, ತನ್ನ ಅಂಗೈ ನೋಡಿಕೊಳ್ಳುತ್ತಾ. "ಆಮೇಲೆ ನಾನು ಆ ಮಾತು ಎಲ್ಲೂ ಹೇಳಿಲ್ಲ. ಲೆಕ್ಕ ಬದಲಾದ್ರೆ ದೇವರೂ ಬದಲಾಗಬೇಕಾಗುತ್ತೆ, ನಿಜ. ಆದ್ರೆ ನೀನು ಸರಿ ಅನ್ನೋದಕ್ಕೆ ಅಷ್ಟು ಜನ ನಗಬೇಕಿರಲಿಲ್ಲ ಅಕ್ಕ."

ಅವಳು ಅವನ ಕಡೆ ತಿರುಗಿದಳು. "ನಗಲಿ ಅಂತಾನೇ ಹೇಳಿದೆ," ಅಂದಳು. "ಆ ಜಾಗ ನಂದಾಗಿತ್ತು ಕಣೋ. ನೀನು ಅಲ್ಲಿ ಕೂತು ನನ್ನ ಯಂತ್ರನೂ ತಗೊಂಡೆ ಅನ್ನಿಸ್ತು."

ಕಾರಿಡಾರಿನಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು.

"ನಾಳೆಯಿಂದ ಇದಿಲ್ಲ," ಎಂದು ಅವಳು ಗಂಟಲು ಮುಟ್ಟಿಕೊಂಡಳು. "ಇರೋವಾಗ ಏನಾದ್ರೂ ಹೇಳಬೇಕು ಅನ್ನಿಸುತ್ತೆ. ಏನು ಅಂತ ಗೊತ್ತಾಗ್ತಿಲ್ಲ."

"ನಿನ್ನೆ ಅರ್ಧಕ್ಕೇ ನಿಂತಿತಲ್ಲ, ಅದನ್ನೇ ಹೇಳು. ನಾನು ಕೇಳ್ತೀನಿ."

"ಅದು ಹೇಳಿ ಹೇಳಿ ಸವೆದಿದೆ."

ಅವಳು ಛಾವಣಿಯ ಕಡೆ ಮುಖ ತಿರುಗಿಸಿದಳು. ಆಮೇಲೆ, ಅವನು ನಿರೀಕ್ಷಿಸದೇ ಇದ್ದದ್ದನ್ನು ಶುರುಮಾಡಿದಳು. ಅಪ್ಪನ ಪಾಠ. ನಲವತ್ತು ವರ್ಷದಲ್ಲಿ ಅವಳ ಬಾಯಲ್ಲಿ ಅವನು ಅದನ್ನು ಕೇಳಿರಲಿಲ್ಲ. ಗೇಲಿ ಮಾಡುತ್ತಿದ್ದಾಳೆಂದೇ ಮೊದಲು ಅಂದುಕೊಂಡ.

"ಕತ್ತಲು ಒಂಟಿಯಾಗಿತ್ತು. ತಾನು ಕತ್ತಲೆಂದು ಹೇಳಿಕೊಳ್ಳಲು ಅದಕ್ಕೆ ಯಾರೂ ಇರಲಿಲ್ಲ."

ಅವನು ಥಟ್ಟನೆ ತಲೆಯೆತ್ತಿದ. "ನಿನ್ನ ಹಾಳೆಯ ಕೊನೇ ಸಾಲು..."

"ಕದ್ದಿದ್ದು," ಅಂದಳು. "ಅಪ್ಪ ಶುರುಮಾಡಿದ್ದ ಕಡೆ ನಾನು ಮುಗಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಸುಮ್ನೆ ಕೇಳು."

ರಾಗವಿರಲಿಲ್ಲ. ರಾಗಕ್ಕೆ ಬೇಕಾದ ಗಂಟಲಿರಲಿಲ್ಲ. ಪದಗಳು ಒಂದೊಂದಾಗಿ ಗೀರುತ್ತಾ ಬಂದವು. ಕತ್ತಲಿನ ಒಂಟಿತನ ಬಿಸಿಯಾದದ್ದು, ಬಿಸಿ ಬೆಳಕಾದದ್ದು, ಬೆಳಕಿನಲ್ಲಿ ಮಾಡುವವನು ತನ್ನ ಕೈಗಳನ್ನು ಮೊದಲ ಸಲ ಕಂಡದ್ದು, ಆ ಕೈಗಳಿಂದ ಮಣ್ಣನ್ನೂ ನೀರನ್ನೂ ಬೇರೆ ಮಾಡಿದ್ದು. ನಡುನಡುವೆ ಉಸಿರಿಗಾಗಿ ನಿಂತಳು. ಒಂದು ಪದವೂ ತಪ್ಪಲಿಲ್ಲ. ತಮ್ಮನ ತುಟಿಗಳು ತಾವಾಗಿಯೇ ಅಲ್ಲಾಡುತ್ತಿದ್ದವು.

"ಮಾಡಿದವನು ಮಾಡಿದ್ದನ್ನು ನೋಡಿ ಹೆದರಿದ," ಅಂದಳು.

ಅವನ ತುಟಿ ನಿಂತಿತು.

"ಆ ಸಾಲು ನಾನು ಹೇಳಲ್ಲ," ಎಂದ ಮೆಲ್ಲಗೆ.

"ಅಪ್ಪ ಹೇಳ್ತಿದ್ರು."

"ಅಪ್ಪನೂ ಕೊನೆಕೊನೆಗೆ ಬಿಟ್ಟಿದ್ರು. ಜನ ಹೆದರಿದ ದೇವರನ್ನ ನೋಡೋಕೆ ಬರಲ್ಲ ಅಕ್ಕ. ಅವರ ಹೆದರಿಕೇನೇ ಅವರಿಗೆ ಸಾಕಾಗಿರುತ್ತೆ. ನಾನು ಅದನ್ನ ಹಾರಿಸಿ, ಮಾಡಿದವನು ಮಾಡಿದ್ದನ್ನು ನೋಡಿ ಒಪ್ಪಿದ ಅಂತೀನಿ."

"ಒಪ್ಪಿದ," ಎಂದು ಅವಳು ಆ ಪದವನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದಳು. "ಎಷ್ಟು ಸಲೀಸು ನಿನ್ನ ದೇವರಿಗೆ." ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. "ಅದೊಂದು ಸಾಲಿಗೋಸ್ಕರ ನಾನು ಇದನ್ನ ಮರೆಯಲಿಲ್ಲ ಕಣೋ. ಆ ಗುಮ್ಮಟದೊಳಗೆ ಒಂದೊಂದು ದಿನ, ಎಲ್ಲ ಆರಿದ ಮೇಲೆ, ನನಗೂ ಹಾಗೇ ಆಗ್ತಿತ್ತು. ಲೆಕ್ಕದಲ್ಲಿ ಅದನ್ನ ಬರೆಯೋಕೆ ಜಾಗ ಇಲ್ಲ. ನಿನ್ನ ಪಾಠದಲ್ಲಿ ಜಾಗ ಇತ್ತು. ನೀನು ಅಳಿಸಿಬಿಟ್ಟೆ."

ಅವನು ಅವಳ ಕಾಲಿನ ಮೇಲಿನ ಹೊದಿಕೆಯನ್ನು ಸರಿಮಾಡುತ್ತಾ ಕೂತ. ಅದು ಸರಿಯಾಗಿಯೇ ಇತ್ತು.

"ಹೆದರಿಕೆ ಆಗ್ತಿದೆಯಾ?" ಎಂದು ಕೇಳಿದ.

"ಹೂಂ."

"ನನಗೂ."

ಅವಳು ಮುಂದಿನ ಸಾಲಿಗೆ ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಮೂರನೇ ಸಲಕ್ಕೆ ಕೆಮ್ಮು ಹತ್ತಿ, ಕೆಮ್ಮಿನಲ್ಲಿ ರಕ್ತದ ಗೆರೆ ಬಂತು. ನರ್ಸು ಓಡಿಬಂದು, ತಮ್ಮನನ್ನು ಕಣ್ಣಿನಲ್ಲೇ ಗದರಿಸಿ ಹೊರಗೆ ಕಳಿಸಿದಳು. ಪಾಠದ ಉಳಿದ ಭಾಗ ಅವನಿಗೆ ಗೊತ್ತಿತ್ತು. ಕಾರಿಡಾರಿನ ಬೆಂಚಿನ ಮೇಲೆ ಕೂತು ಅದನ್ನು ಮನಸ್ಸಿನಲ್ಲೇ ಮುಗಿಸಲು ನೋಡಿದ. ಆ ಒಂದು ಸಾಲಿಗೆ ಬಂದು ಬಂದು ತಡೆಯುತ್ತಿತ್ತು. ಅದನ್ನು ಹೇಳಿದ ಮೇಲೆ ಮುಂದಿನ ಸಮಾಧಾನದ ಸಾಲುಗಳನ್ನು ಯಾವ ದನಿಯಲ್ಲಿ ಹೇಳಬೇಕೆಂದು ತಿಳಿಯಲಿಲ್ಲ.

ಅವಳ ಬಾಯಿಂದ ಬಂದ ಕೊನೆಯ ಮಾತು ಆ ಪಾಠದ್ದಲ್ಲ. ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗುವಾಗ ಲಿಫ್ಟಿನ ಬಾಗಿಲ ಬಳಿ ಅವಳು ಆಸ್ಪತ್ರೆಯ ಆಳಿಗೆ ಏನೋ ಹೇಳಿದಳು. ಆಳಿಗೆ ಕೇಳಿಸಲಿಲ್ಲ. ತಮ್ಮ ಬಗ್ಗಿ ಕಿವಿಗೊಟ್ಟ.

"ಕಾಲು ತಣ್ಣಗಾಗ್ತಿದೆ," ಅಂದಳು. ತಮ್ಮ ಹೊದಿಕೆ ಎಳೆದು ಪಾದ ಮುಚ್ಚಿದ. ಲಿಫ್ಟಿನ ಬಾಗಿಲು ಹಾಕಿಕೊಂಡಿತು.

ಮಧ್ಯಾಹ್ನದ ತನಕ ಆಯಿತು. ಗೂಬೆ ಬಂದು ಬೆಂಚಿನ ತುದಿಯಲ್ಲಿ ಕೂತು, ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, ತಾನೂ ತಿನ್ನದೆ ಅವನಿಗೂ ಕೊಡದೆ ಹಿಡಿದುಕೊಂಡೇ ಇದ್ದ. ಹೊಸ ಯಂತ್ರ ಬಂದಿದೆಯಂತೆ, ತನ್ನನ್ನು ಟಿಕೆಟು ಹರಿಯುವ ಕಡೆ ಹಾಕಿದ್ದಾರಂತೆ, ಬೆಳಕಿಗೆ ಕಣ್ಣು ನೋಯುತ್ತದೆ ಎಂದ. ಡಾಕ್ಟರು ಹೊರಗೆ ಬಂದಾಗ ಮುಖದ ಮೇಲಿನ ಬಟ್ಟೆಯನ್ನು ಪೂರ್ತಿ ಇಳಿಸಲಿಲ್ಲ.

"ತೆಗೆಯೋಕೆ ಆಗೋದನ್ನೆಲ್ಲ ತೆಗೆದಿದ್ದೀವಿ," ಎಂದರು. "ಗಡ್ಡೆ ನಾವು ಅಂದುಕೊಂಡಿದ್ದಕ್ಕಿಂತ ಕೆಳಗೆ ಇಳಿದಿತ್ತು. ನೋಡೋಣ."

ನೋಡೋಣ ಎಂದರೆ ಏನೆಂದು ಇಬ್ಬರಿಗೂ ಅರ್ಥವಾಯಿತು. ಇಬ್ಬರೂ ಅದನ್ನು ಇನ್ನೊಬ್ಬನಿಗೆ ಬಿಡಿಸಿ ಹೇಳಲಿಲ್ಲ.

ಅವಳನ್ನು ನೋಡಲು ಮಾರನೆಯ ದಿನ ಬಿಟ್ಟರು. ಕತ್ತಿಗೆ ಸುತ್ತಿದ ಬಟ್ಟೆಯ ನಡುವೆ ಒಂದು ತೂತು, ಅದರಲ್ಲಿ ಸಣ್ಣ ನಳಿಕೆ. ಎರಡೂ ಕೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದ್ದರಿಂದ ಬರೆದು ತೋರಿಸುವ ಹಾಗೂ ಇರಲಿಲ್ಲ. ಅವಳ ಕಣ್ಣು ತೆರೆದಿತ್ತು. ಅವನನ್ನು ನೋಡಿತು, ಛಾವಣಿ ನೋಡಿತು, ಮತ್ತೆ ಅವನನ್ನು ನೋಡಿತು.

ತಮ್ಮ ಸ್ಟೂಲಿನ ಮೇಲೆ ಕೂತ. ಏನು ಮಾಡಬೇಕೆಂದು ತಿಳಿಯದಾಗ ಅವನ ಕೈಗಳು ಯಾವಾಗಲೂ ಮಾಡುವುದನ್ನೇ ಮಾಡಿದವು. ಎದೆಯ ಮುಂದೆ ಕೂಡಿಕೊಂಡವು. ಕಣ್ಣು ಮುಚ್ಚಿ, ರೋಗಿಗಳ ಹಾಸಿಗೆಯ ಬಳಿ ಹೇಳುವ ಪ್ರಾರ್ಥನೆಯ ಮೊದಲ ಸಾಲು ಹೇಳಿದ. ಎರಡನೆಯದನ್ನು ಹೇಳಿದ. ಎಲ್ಲೂ ತಡೆಯಿಲ್ಲದೆ ಮೂರನೆಯದಕ್ಕೆ ಹೋಗುತ್ತಿದ್ದಾಗ ಅವನಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಕಣ್ಣು ತೆರೆದ. ಅಕ್ಕ ಅವನನ್ನೇ ನೋಡುತ್ತಿದ್ದಳು. ಬೇಡ ಎನ್ನಲು ಅವಳಿಗೆ ಗಂಟಲಿರಲಿಲ್ಲ.

ಅವನು ಅಲ್ಲಿಗೇ ನಿಲ್ಲಿಸಿದ. ಕೂಡಿದ್ದ ಕೈಗಳನ್ನು ಬಿಡಿಸಿ, ಎಲ್ಲಿಡಬೇಕೆಂದು ತಿಳಿಯದೆ ಮಂಚದ ಅಂಚಿನ ಮೇಲಿಟ್ಟ. ಕೋಣೆಯಲ್ಲಿ ಒಂದೇ ಸಪ್ಪಳವಿತ್ತು. ಅದು ಅವಳ ಬಾಯಿಂದಲೂ ಬರುತ್ತಿರಲಿಲ್ಲ, ಮೂಗಿನಿಂದಲೂ ಬರುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಪಟ್ಟಿ ಸುತ್ತಿದ ಕೈಯನ್ನು ಕಷ್ಟಪಟ್ಟು ಎತ್ತಿ, ಅವನ ಮಣಿಕಟ್ಟು ಹಿಡಿದು, ತನ್ನ ಕತ್ತಿನ ಹತ್ತಿರಕ್ಕೆ ಎಳೆದುಕೊಂಡಳು. ಅವನು ಅಂಗೈಯನ್ನು ನಳಿಕೆಯ ಮುಂದೆ, ತಾಗದ ಹಾಗೆ ಹಿಡಿದ. ಬೆಚ್ಚಗಿನ, ಸ್ವಲ್ಪ ತೇವದ ಗಾಳಿ ಅಂಗೈಗೆ ಬಡಿಯಿತು. ನಿಂತಿತು. ಮತ್ತೆ ಬಡಿಯಿತು.